ಕೊಂಕಣ ಸುತ್ತಿ ಮೈಲಾರಕ್ಕೆ: ಬಳಸುಯಂತ್ರಗಳ ಆಕರ್ಷಣೆಯನ್ನು ಕುರಿತು

೧. ವಿಷಯ ಪ್ರವೇಶ

ಯಂತ್ರವೆಂದರೆ ಶ್ರಮವನ್ನು ಕಡಿಮೆ ಮಾಡುವ ಸಾಧನವೆಂಬುದು ಸರ್ವಸಮ್ಮತವಾದ ಮಾತು. ಬಾವಿಯ ರಾಟೆ, ಗದ್ದೆಗೆ ನೀರೆತ್ತುವ ಏತ, ಎಣ್ಣೆಯ ಗಾಣ, ಇವು ಮೊದಲಾಗಿ ಇಂದಿನ ಕಾರ್ಖಾನೆಗಳವರೆಗೆ ಎಲ್ಲವೂ ಈ ಲಕ್ಷಣಕ್ಕೆ ಒಳಪಡುತ್ತವೆ. ಆದರೆ ಈ ಲಕ್ಷಣವನ್ನು ಬುದ್ಧಿಪೂರ್ವಕವಾಗಿ ತಲೆಕೆಳಗು ಮಾಡಿದ ಯಂತ್ರಗಳ ಜಾತಿಯೊಂದುಂಟು. ಅಲ್ಲಿ ಆಗಬೇಕಾದ ಕೆಲಸ ಅತ್ಯಲ್ಪ. ಅದಕ್ಕಾಗಿ ಹೂಡಿದ ಸಾಧನಸಂಪತ್ತು ಅಪಾರ. ಗೋಲಿಯೊಂದು ಓರೆಹಲಗೆಯ ಮೇಲಿಂದ ಉರುಳಿ ಬಂದು, ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಲ್ಲಿ ಮೊದಲನೆಯದನ್ನು ತಾಗುತ್ತದೆ. ಇಟ್ಟಿಗೆಗಳು ಒಂದರ ಮೇಲೊಂದು ಬಿದ್ದು, ಕೊನೆಯದು ನೀರು ತುಂಬಿದ ಚೊಂಬನ್ನು ಉರುಳಿಸುತ್ತದೆ. ನೀರು ತಕ್ಕಡಿಯ ಒಂದು ತಟ್ಟೆಯನ್ನು ತುಂಬುತ್ತದೆ. ಇನ್ನೊಂದು ತಟ್ಟೆ ಮೇಲೆದ್ದು ದಾರವನ್ನು ಎಳೆಯುತ್ತದೆ. ದಾರದ ತುದಿಯಲ್ಲಿರುವ ಗಂಟೆ ಬಾರಿಸುತ್ತದೆ. ಗಂಟೆಯನ್ನು ಕೈಯಿಂದಲೇ ಬಾರಿಸಬಹುದಾಗಿತ್ತಲ್ಲವೇ ಎಂದು ಕೇಳಿದರೆ, ಹೌದು, ಬಾರಿಸಬಹುದಾಗಿತ್ತು. ಆ ಪ್ರಶ್ನೆ ನೋಡುವವರ ಮನಸ್ಸಿನಲ್ಲಿ ಏಳಲೆಂದೇ ಅದನ್ನು ಕಟ್ಟಿರುವುದು.

‘ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ’ ಎಂಬ ಗಾದೆಯಲ್ಲಿ ಕನ್ನಡಿಗರು ಈ ಬಗೆಯ ಕಾರ್ಯವನ್ನು ಎಂದೋ ಗುರುತಿಸಿದ್ದಾರೆ. ಗಾದೆಯ ಉದ್ದೇಶ ಹಾಸ್ಯ, ನಿಂದೆ. ನೇರವಾದ ದಾರಿಯಿರಲು ಬಳಸುದಾರಿ ಹಿಡಿದವನು ಅವಿವೇಕಿ ಎಂಬುದೇ ಅದರ ತಾತ್ಪರ್ಯ. ಹೀಗಿದ್ದರೂ ಬಳಸುದಾರಿಯನ್ನೇ ಗುರಿಯಾಗಿಸಿಕೊಂಡ ಯಂತ್ರವನ್ನು ನೋಡಲು ಜನರು ಗುಂಪುಗೂಡುತ್ತಾರೆ. ಅದನ್ನು ಕಟ್ಟಲು ಬುದ್ಧಿವಂತರಾದ ಯುವಕರು ರಾತ್ರಿಗಳನ್ನು ಸವೆಸುತ್ತಾರೆ. ಇದು ಏಕೆ? ಈ ಪ್ರಶ್ನೆಯನ್ನು ಇತಿಹಾಸದ ದೃಷ್ಟಿಯಿಂದ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಅನುಕೂಲಕ್ಕಾಗಿ ಈ ಜಾತಿಯನ್ನು ನಾವು ‘ಬಳಸುಯಂತ್ರ’ವೆಂದು ಕರೆಯುತ್ತೇವೆ.

ಸುರತ್ಕಲ್ಲಿನಂತಹ ಊರಿನಲ್ಲಿ ಈ ವಿಚಾರ ಅಪ್ರಸ್ತುತವೆನಿಸಲಾರದು. ೧೯೬೦ರಲ್ಲಿ ಇಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. ೨೦೦೨ರಲ್ಲಿ ಅದು ಕರ್ನಾಟಕ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಅದರ ಆವರಣವಾದ ಶ್ರೀನಿವಾಸನಗರವು ಕಾಲೇಜು ಇಲ್ಲಿಗೆ ಬರಲು ಶ್ರಮಿಸಿದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರನ್ನು ಹೊತ್ತಿದೆ. ಮಿತವಾದ ಸಾಧನದಿಂದ ಅಧಿಕವಾದ ಫಲವನ್ನು ಪಡೆಯುವುದು ಹೇಗೆಂಬುದೇ ಇಂತಹ ವಿದ್ಯಾಲಯಗಳಲ್ಲಿ ಕಲಿಸುವ ವಿದ್ಯೆಯ ಸಾರ. ಅದನ್ನು ಕಲಿತವರೇ ನಮ್ಮ ದೇಶದ ತಾಂತ್ರಿಕ ಉತ್ಸವಗಳಲ್ಲಿ ಬಳಸುಯಂತ್ರಗಳ ಸ್ಪರ್ಧೆಗೆ ನಿಲ್ಲುವುದುಂಟು. ಕಲಿತ ವಿದ್ಯೆಯನ್ನು ಹೀಗೆ ಅಣಕಿಸುವುದರಲ್ಲಿ ಏನೋ ಒಂದು ಅರ್ಥವಿರಬೇಕು.

೨. ಹೆಸರು ಬಂದ ಬಗೆ

ಪಾಶ್ಚಾತ್ಯ ದೇಶಗಳಲ್ಲಿ ಇಂತಹ ಯಂತ್ರಕ್ಕೆ ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗನ (೧೮೮೩-೧೯೭೦) ಹೆಸರೇ ರೂಢಿಯಾಗಿದೆ. ಇವನು ಸ್ವತಃ ಇಂಜಿನಿಯರಿಂಗ್ ವಿದ್ಯಾರ್ಥಿ. ೧೯೦೪ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪದವಿ ಪಡೆದು, ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರು ಮತ್ತು ಒಳಚರಂಡಿ ಇಲಾಖೆಯಲ್ಲಿ ಕೆಲವು ತಿಂಗಳು ದುಡಿದು, ಅದನ್ನು ಬಿಟ್ಟು ಪತ್ರಿಕೆಗಳಿಗೆ ಚಿತ್ರ ಬರೆಯಲು ಹೋದನು. ಪ್ರೊಫೆಸರ್ ಬಟ್ಸ್ ಎಂಬ ಕಲ್ಪಿತ ಪಂಡಿತನ ‘ಆವಿಷ್ಕಾರ’ಗಳೆಂದು ಅವನು ಬರೆದ ಚಿತ್ರಗಳು ಲೋಕಪ್ರಸಿದ್ಧವಾದವು. ೧೯೩೧ರ ಒಂದು ಚಿತ್ರದಲ್ಲಿ ಸಾರು ಕುಡಿಯುವವನ ಬಾಯನ್ನು ಒರೆಸುವ ಯಂತ್ರವಿದೆ. ಚಮಚವನ್ನು ಬಾಯಿಗೆತ್ತಿದಾಗ ದಾರ ಎಳೆದು ಸೌಟು ಮೇಲೆದ್ದು ಬಿಸ್ಕತ್ತನ್ನು ಎಸೆಯುತ್ತದೆ. ಗಿಳಿ ಅದಕ್ಕೆ ಹಾರುತ್ತದೆ. ಗಿಳಿಯ ಕೋಲು ವಾಲಿ ಕಾಳುಗಳು ಬಕೆಟಿಗೆ ಬೀಳುತ್ತವೆ. ಆ ಭಾರಕ್ಕೆ ಬೆಂಕಿ ಹೊತ್ತಿ ಬಾಣವೊಂದು ಹಾರಿ, ಅದಕ್ಕೆ ಕಟ್ಟಿದ ಕುಡುಗೋಲು ಇನ್ನೊಂದು ದಾರವನ್ನು ಕತ್ತರಿಸುತ್ತದೆ. ಕರವಸ್ತ್ರ ಕಟ್ಟಿದ ಲೋಲಕವು ತೂಗಾಡಿ ಗಲ್ಲವನ್ನು ಒರೆಸುತ್ತದೆ. ಇದೇ ೧೯೩೧ರಲ್ಲಿಯೇ ಅವನ ಹೆಸರು ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲಿ ವಿಶೇಷಣವಾಗಿ ಸೇರಿತು. ಇಂಗ್ಲೆಂಡಿನಲ್ಲಿ ಹೀತ್ ರಾಬಿನ್ಸನ್ (೧೮೭೨-೧೯೪೪) ಎಂಬ ಚಿತ್ರಕಾರನ ಹೆಸರೂ ಇದೇ ಅರ್ಥದಲ್ಲಿ ಬಳಕೆಗೆ ಬಂದಿದೆ.

ಈ ಚಿತ್ರಕಾರರ ಕಾಲವನ್ನು ಗಮನಿಸಬೇಕು. ಕಾರ್ಖಾನೆಗಳಲ್ಲಿ ಕೆಲಸಗಾರನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆಯುತ್ತಿದ್ದ, ಮನೆಗೆಲಸಕ್ಕೂ ದಿನಕ್ಕೊಂದು ಹೊಸ ಉಪಕರಣವು ಮಾರುಕಟ್ಟೆಗೆ ಬರುತ್ತಿದ್ದ ಕಾಲವದು. ಚಾರ್ಲಿ ಚಾಪ್ಲಿನ್ನನ ೧೯೩೬ರ ಚಲನಚಿತ್ರವೊಂದರಲ್ಲಿ ಕೆಲಸಗಾರನಿಗೆ ಊಟ ಮಾಡಿಸುವ ಯಂತ್ರವೂ ಇದೇ ಕಾಲದ ಕೂಸು. ಶ್ರಮವನ್ನು ಉಳಿಸುವೆನೆಂದು ಬಂದ ಯಂತ್ರವು ಮನುಷ್ಯನನ್ನೇ ತನ್ನ ಭಾಗವನ್ನಾಗಿ ಮಾಡಿಕೊಂಡರೆ ಏನು ಗತಿ ಎಂಬ ಭಯವು ಈ ನಗೆಯ ಹಿಂದೆ ಇತ್ತು.

ಕಾಗದದ ಮೇಲಿದ್ದ ಯಂತ್ರಗಳು ನೆಲಕ್ಕಿಳಿದದ್ದು ವಿದ್ಯಾರ್ಥಿಗಳಿಂದ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ೧೯೪೯ರಿಂದ ೧೯೫೫ರವರೆಗೆ ಎರಡು ವಿದ್ಯಾರ್ಥಿಸಂಘಗಳ ನಡುವೆ ಇಂತಹ ಸ್ಪರ್ಧೆ ನಡೆಯಿತು; ೧೯೮೩ರಲ್ಲಿ ಅದು ಪುನರುಜ್ಜೀವನಗೊಂಡು ೧೯೮೮ರಿಂದ ರಾಷ್ಟ್ರಮಟ್ಟದ್ದಾಯಿತು. ೧೯೮೭ರಲ್ಲಿ ಫಿಶ್ಲಿ ಮತ್ತು ವೈಸ್ ಎಂಬ ಸ್ವಿಸ್ ಕಲಾವಿದರು ಟಯರು, ಏಣಿ, ನೊರೆ, ಬೆಂಕಿಗಳಿಂದಾದ ಇಂತಹ ಸರಪಳಿಯನ್ನು ಸುಮಾರು ಅರ್ಧ ಗಂಟೆಯ ಚಲನಚಿತ್ರವನ್ನಾಗಿ ಮಾಡಿದರು. ಜಪಾನಿನ ಸಾರ್ವಜನಿಕ ದೂರದರ್ಶನದಲ್ಲಿ ೨೦೦೨ರಲ್ಲಿ ಆರಂಭವಾದ ಮಕ್ಕಳ ಕಾರ್ಯಕ್ರಮವೊಂದು ಈ ಯಂತ್ರಗಳಿಂದಲೇ ಹೆಸರಾಯಿತು.

‘ಸರಪಳಿ ಕ್ರಿಯೆ’ ಎಂಬ ಪದವು ಪರಮಾಣುಶಾಸ್ತ್ರದಲ್ಲಿಯೂ ಇರುವುದರಿಂದ ಇಲ್ಲಿ ಒಂದು ಭೇದವನ್ನು ಹೇಳಬೇಕಾಗಿದೆ. ೧೯೪೨ರ ಡಿಸೆಂಬರಿನಲ್ಲಿ ಚಿಕಾಗೋ ನಗರದಲ್ಲಿ ಮೊದಲು ಸಾಧಿತವಾದ, ನಮ್ಮ ಕೈಗಾ ಸ್ಥಾವರದಲ್ಲಿ ಹತೋಟಿಯಲ್ಲಿ ನಡೆಯುವ ಸರಪಳಿಯಲ್ಲಿ ಒಂದು ಘಟನೆಯಿಂದ ಅದೇ ಜಾತಿಯ ಅನೇಕ ಘಟನೆಗಳು ಹುಟ್ಟಬಲ್ಲವು. ಬಳಸುಯಂತ್ರದಲ್ಲಿ ಹಾಗಲ್ಲ; ಒಂದರಿಂದ ಒಂದೇ ಹುಟ್ಟುತ್ತದೆ, ಆದರೆ ಹುಟ್ಟಿದ್ದು ಬೇರೆ ಜಾತಿಯದು. ಉರುಳುವಿಕೆಯಿಂದ ಬೀಳುವಿಕೆ, ಬೀಳುವಿಕೆಯಿಂದ ಹರಿಯುವಿಕೆ, ಹರಿಯುವಿಕೆಯಿಂದ ಏರುವಿಕೆ. ಈ ಜಾತ್ಯಂತರವೇ ಅದರ ಸೊಗಸು.

೩. ನಮ್ಮ ಪ್ರಾಚೀನರ ಯಂತ್ರಾದರ್ಶ

ಭಾರತದಲ್ಲಿ ವಿನೋದಕ್ಕಾಗಿ ಯಂತ್ರಗಳನ್ನು ನಿರ್ಮಿಸುವ ಪರಂಪರೆ ದೀರ್ಘವಾದುದು. ಹನ್ನೊಂದನೆಯ ಶತಮಾನದ ಪರಮಾರ ರಾಜ ಭೋಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ ಗ್ರಂಥದ ಮೂವತ್ತೊಂದನೆಯ ಅಧ್ಯಾಯವು ಯಂತ್ರವಿಧಾನಕ್ಕೆ ಮೀಸಲಾಗಿದೆ. ಕುಣಿಯುವ ಗೊಂಬೆಗಳು, ಬಾಗಿಲು ಕಾಯುವ ಮರದ ಭಟರು, ಧಾರಾಗೃಹಗಳು, ಹಾರುವ ಮರದ ಹಕ್ಕಿ ಮೊದಲಾದುವು ಅಲ್ಲಿ ಬರುತ್ತವೆ. ಈ ವಿಷಯವನ್ನು ಕುರಿತು ಡಾ. ವಿ. ರಾಘವನ್ ಅವರು ಬರೆದ ಪ್ರಬಂಧವು ೧೯೫೦ರ ದಶಕದಲ್ಲಿ ಬೆಂಗಳೂರಿನ ಬಸವನಗುಡಿಯಿಂದಲೇ ಪ್ರಕಟವಾಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯಬೇಕು.

ಒಳ್ಳೆಯ ಯಂತ್ರದ ಗುಣಗಳನ್ನು ಆ ಅಧ್ಯಾಯವು ಎಣಿಸುತ್ತದೆ: ‘ಬೀಜ’ಗಳೆಂಬ ಮೂಲದ್ರವ್ಯಗಳ ಯಥೋಚಿತವಾದ ಸಂಯೋಗ, ಜೋಡಣೆಯ ಬಿಗಿ, ನಯ, ಲಘುತ್ವ, ಶಬ್ದರಾಹಿತ್ಯ, ಮತ್ತು ಮುಖ್ಯವಾಗಿ ಅಲಕ್ಷ್ಯತೆ, ಎಂದರೆ ಒಳಗಿನ ಹೂಟವು ನೋಡುವವನಿಗೆ ಕಾಣದಿರುವುದು. ಶಬ್ದವೇ ಗುರಿಯಾದ ಯಂತ್ರದಲ್ಲಿ ಮಾತ್ರ ಶಬ್ದವು ಅಧಿಕವಾಗಿರಬೇಕೆಂದೂ ಅದು ವಿವೇಚಿಸುತ್ತದೆ. ಯಂತ್ರಗಳ ಘಟನೆಯನ್ನು ಪೂರ್ತಿಯಾಗಿ ಬಿಡಿಸಿ ಹೇಳದಿರುವುದು ಅಜ್ಞಾನದಿಂದಲ್ಲ, ಗೋಪ್ಯತೆಗಾಗಿ ಎಂಬ ಮಾತೂ ಅಲ್ಲಿದೆ.

ಈ ಪಟ್ಟಿಯ ಪಕ್ಕದಲ್ಲಿ ಬಳಸುಯಂತ್ರವನ್ನು ಇಟ್ಟು ನೋಡಿದರೆ ಒಂದು ಸ್ವಾರಸ್ಯ ಹೊಳೆಯುತ್ತದೆ. ಪ್ರಾಚೀನರು ಗುಣವೆಂದದ್ದನ್ನೆಲ್ಲ ಇದು ಬಿಟ್ಟಿದೆ, ದೋಷವೆಂದದ್ದನ್ನೆಲ್ಲ ಹಿಡಿದಿದೆ. ಲಘುತ್ವದ ಬದಲು ಭಾರ, ನಿಶ್ಶಬ್ದದ ಬದಲು ಗಲಾಟೆ, ಬಿಗಿಯ ಬದಲು ಈಗಲೋ ಆಗಲೋ ಬೀಳುವಂತಹ ಸಡಿಲ. ಎಲ್ಲಕ್ಕಿಂತ ಮಿಗಿಲಾಗಿ, ಅಲಕ್ಷ್ಯತೆಯ ಬದಲು ಪೂರ್ಣವಾದ ಬಹಿರಂಗತೆ. ಭೋಜನ ಮರದ ಭಟನು ಬಾಗಿಲು ಕಾಯುವಾಗ ನೋಡುವವನು ‘ಇದು ಹೇಗೆ?’ ಎಂದು ಬೆರಗಾಗುತ್ತಾನೆ. ಬಳಸುಯಂತ್ರದ ಮುಂದೆ ನಿಂತವನಿಗೆ ‘ಹೇಗೆ’ ಎಂಬುದು ಕಣ್ಣೆದುರಿಗೇ ಇದೆ; ಅವನು ಬೆರಗಾಗುವುದು ‘ಇಷ್ಟೆಲ್ಲ ಏಕೆ?’ ಎಂದು. ಎರಡೂ ಅದ್ಭುತವೇ, ಮೊದಲನೆಯದು ಗುಟ್ಟಿನ ಅದ್ಭುತ, ಎರಡನೆಯದು ರಟ್ಟಿನ ಅದ್ಭುತ.

ಅತಿಯಾದ ಉಪಕರಣದ ವಿಷಯದಲ್ಲಿ ನಮ್ಮವರಲ್ಲಿ ಎಚ್ಚರದ ಮಾತೂ ಇಲ್ಲದಿರಲಿಲ್ಲ. ೧೧೫೦ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ ಭಾಸ್ಕರಾಚಾರ್ಯನು ಸಹ್ಯಾದ್ರಿಯ ಆಶ್ರಯದಲ್ಲಿದ್ದ ವಿಜ್ಜಡವಿಡವೆಂಬ ಊರಿನವನು, ಇದನ್ನು ಇಂದಿನ ವಿಜಯಪುರವೆಂದು ಗುರುತಿಸುವವರುಂಟು. ಅವನು ತನ್ನ ಯಂತ್ರಾಧ್ಯಾಯದಲ್ಲಿ ಪಾದರಸ ತುಂಬಿದ ಅರೆಗಳುಳ್ಳ, ತನ್ನಷ್ಟಕ್ಕೆ ತಾನೇ ತಿರುಗುವುದೆಂದು ಹೇಳಲಾದ ಚಕ್ರವನ್ನು ವರ್ಣಿಸುತ್ತಾನೆ. ಅಂತಹ ಚಕ್ರ ನಿರಂತರವಾಗಿ ತಿರುಗಲಾರದೆಂಬುದನ್ನು ಇಂದಿನ ಭೌತಶಾಸ್ತ್ರ ಬಲ್ಲದು. ಆದರೆ ಅದೇ ಅಧ್ಯಾಯದಲ್ಲಿ ಅವನು ‘ಧೀಯಂತ್ರ’ವನ್ನು, ಎಂದರೆ ಬುದ್ಧಿಯೆಂಬ ಯಂತ್ರವನ್ನು, ಎಲ್ಲಕ್ಕಿಂತ ಮೇಲೆಂದು ಹೊಗಳುತ್ತಾನೆ. ಕೈಯಲ್ಲೊಂದು ಕೋಲಿದ್ದು, ಅದರ ಬುಡ ತುದಿಗಳ ನೇರಕ್ಕೆ ಕಣ್ಣಿಟ್ಟು ನೋಡಬಲ್ಲ ಬುದ್ಧಿವಂತನಿಗೆ ದೊಡ್ಡ ದೊಡ್ಡ ಯಂತ್ರಗಳಿಂದ ಏನಾಗಬೇಕೆಂಬುದು ಅವನ ಅಭಿಪ್ರಾಯ. ಮಿತಸಾಧನದ ಪರವಾಗಿ ಇದಕ್ಕಿಂತ ಮಿತವಾದ ವಾದವು ದೊರೆಯುವುದು ಕಷ್ಟ.

ಇನ್ನೊಂದು ಕಡೆ ವಿನೋದವನ್ನೇ ಶಾಸ್ತ್ರವನ್ನಾಗಿ ಮಾಡಿದ ಅರಸನೂ ನಮ್ಮ ನಾಡಿನಲ್ಲಿದ್ದನು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಐದು ವಿಂಶತಿಗಳು, ನೂರು ಅಧ್ಯಾಯಗಳು. ಇವುಗಳಲ್ಲಿ ರಾಜ್ಯವನ್ನು ಪಡೆಯುವುದಕ್ಕೂ ಸ್ಥಿರಪಡಿಸುವುದಕ್ಕೂ ಎರಡು ವಿಂಶತಿಗಳಾದರೆ, ವಿನೋದಕ್ಕೂ ಕ್ರೀಡೆಗೂ ಎರಡು ವಿಂಶತಿಗಳು. ರಾಜ್ಯಕ್ಕೆ ಎಷ್ಟು ಸ್ಥಳವೋ ಆಟಕ್ಕೂ ಅಷ್ಟೇ ಸ್ಥಳ. ಆಟವನ್ನು ವಿದ್ವಾಂಸರ ಗಮನಕ್ಕೆ ಅನರ್ಹವೆಂದು ತಳ್ಳಿಹಾಕುವವರು ಹನ್ನೆರಡನೆಯ ಶತಮಾನದ ಈ ಲೆಕ್ಕವನ್ನು ನೆನಪಿನಲ್ಲಿಡುವುದು ಒಳ್ಳೆಯದು.

೪. ಶ್ರೀರಂಗಪಟ್ಟಣದ ಹುಲಿ

ಕರ್ನಾಟಕದಲ್ಲಿ ನಿರ್ಮಿತವಾದ ವಿನೋದಯಂತ್ರಗಳಲ್ಲಿ ಲೋಕವೇ ಬಲ್ಲದ್ದು ಟಿಪ್ಪೂ ಸುಲ್ತಾನನ ಹುಲಿ. ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಮರದಿಂದ ಮಾಡಿ ಬಣ್ಣ ಹಚ್ಚಿದ, ಸುಮಾರು ೧.೭೮ ಮೀಟರ್ ಉದ್ದದ ಈ ಹುಲಿಯು ನೆಲಕ್ಕೆ ಬಿದ್ದ ಐರೋಪ್ಯನೊಬ್ಬನ ಮೇಲೆರಗಿ ಅವನ ಕೊರಳನ್ನು ಕಚ್ಚುತ್ತಿದೆ. ಹುಲಿಯ ಪಕ್ಕದಲ್ಲಿರುವ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದುತ್ತವೆ. ಬಿದ್ದವನ ಕೈ ಮೇಲೆದ್ದು ಇಳಿಯುತ್ತದೆ. ಅವನ ಕೊರಳಿನಿಂದ ನರಳಾಟವೂ ಹುಲಿಯಿಂದ ಗುರುಗುಟ್ಟುವ ದನಿಯೂ ಹೊರಡುತ್ತವೆ. ಇಷ್ಟು ಸಾಲದೆಂಬಂತೆ ಹುಲಿಯ ಮೈಯೊಳಗೆ, ಬಾಗಿಲೊಂದರ ಹಿಂದೆ, ದಂತದ ಗುಂಡಿಗಳುಳ್ಳ ಒಂದು ಸಣ್ಣ ಕೊಳವೆವಾದ್ಯವನ್ನೂ ಅಳವಡಿಸಲಾಗಿದೆ. ಹೊರಗಿನ ಕೆತ್ತನೆ ನಮ್ಮ ಕುಶಲಿಗಳದು. ಒಳಗಿನ ಯಂತ್ರಭಾಗಕ್ಕೆ ಫ್ರೆಂಚರ ನೆರವು ಇದ್ದಿರಬಹುದೆಂದು ಊಹಿಸುತ್ತಾರೆ.

ಇದು ಗೋಲ್ಡ್‌ಬರ್ಗನ ಅರ್ಥದಲ್ಲಿ ಬಳಸುಯಂತ್ರವಲ್ಲ. ಅದರ ಹತ್ತಿರದ ಬಂಧು. ಒಂದೇ ಹಿಡಿಯ ತಿರುಗುವಿಕೆಯು ಒಳಗೆ ಹಲವು ರೂಪಗಳನ್ನು ತಾಳಿ ಹೊರಬರುತ್ತದೆ. ಆದರೆ ಆ ರೂಪಾಂತರವು ಮರದ ಚರ್ಮದೊಳಗೆ ಅಡಗಿದೆ. ಅಲಕ್ಷ್ಯತೆ ಉಂಟು, ಶಬ್ದವೇ ಸಾಧ್ಯವಾದಲ್ಲಿ ಶಬ್ದಾಧಿಕ್ಯವೂ ಉಂಟು. ಭೋಜನ ಪಟ್ಟಿಯ ಪ್ರಕಾರ ಇದು ಸುಗುಣಸಂಪನ್ನವಾದ ಯಂತ್ರ. ಪ್ರಯೋಜನದ ದೃಷ್ಟಿಯಿಂದ ಮಾತ್ರ ಇದು ಯಾವ ಕೆಲಸವನ್ನೂ ಮಾಡುವುದಿಲ್ಲ. ಹುಲಿಯನ್ನು ತನ್ನ ಲಾಂಛನವಾಗಿ ಸ್ವೀಕರಿಸಿದ್ದ ಅರಸನು ತನ್ನ ಶತ್ರುವಿನ ಗತಿಯನ್ನು ಬೇಕೆಂದಾಗ ಕಂಡು ಕೇಳುವುದಕ್ಕಾಗಿ ಇದನ್ನು ಮಾಡಿಸಿದನು. ನಿಷ್ಪ್ರಯೋಜಕವೆನಿಸುವ ಯಂತ್ರವೂ ಅರ್ಥಹೀನವಾಗಬೇಕಾಗಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪೂ ಮಡಿದ ಮೇಲೆ ಹುಲಿಯು ಲಂಡನ್ನಿಗೆ ಹೋಯಿತು. ೧೮೦೮ರಿಂದ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಅದನ್ನು ಜನರ ವೀಕ್ಷಣೆಗೆ ಇಡಲಾಯಿತು. ಹಿಡಿಯನ್ನು ತಿರುಗಿಸಲು ಬಂದವರ ನೂಕುನುಗ್ಗಲಿನಿಂದಲೂ, ಹುಲಿಯ ಗರ್ಜನೆಯಿಂದಲೂ ಅಲ್ಲಿನ ಗ್ರಂಥಾಲಯದ ಓದುಗರಿಗೆ ಬಹಳ ಕಿರಿಕಿರಿಯಾಯಿತೆಂದು ತಿಳಿದುಬರುತ್ತದೆ. ಗೆದ್ದವರ ರಾಜಧಾನಿಯ ಜನರು ತಮ್ಮವನೊಬ್ಬನ ಮರಣದ ಗೊಂಬೆಯನ್ನು ಮತ್ತೆ ಮತ್ತೆ ಆಡಿಸಿ ನಲಿದರು! ಯಂತ್ರದ ಆಕರ್ಷಣೆಯು ಅದರ ಉದ್ದೇಶವನ್ನೂ ಮೀರಿ ನಿಲ್ಲಬಲ್ಲದು. ಎರಡನೆಯ ಮಹಾಯುದ್ಧದಲ್ಲಿ ಜಖಂಗೊಂಡು ದುರಸ್ತಿಯಾದ ಈ ಹುಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

೫. ಆಕರ್ಷಣೆಯ ಕಾರಣಗಳು

ಈಗ ಮೂಲಪ್ರಶ್ನೆಗೆ ಬರಬಹುದು. ಬಳಸುಯಂತ್ರದ ಆಕರ್ಷಣೆಗೆ ನಮಗೆ ಮುಖ್ಯವಾಗಿ ನಾಲ್ಕು ಕಾರಣಗಳು ತೋರುತ್ತವೆ.

ಮೊದಲನೆಯದು, ಕಾರಣ ಕಾರ್ಯಗಳ ಪ್ರತ್ಯಕ್ಷತೆ. ನಿತ್ಯಜೀವನದಲ್ಲಿ ಕಾರಣಗಳು ನಮಗೆ ಕಾಣುವುದು ಅಪರೂಪ. ಗೋಡೆಯ ಗುಂಡಿಯನ್ನು ಒತ್ತಿದರೆ ದೀಪ ಹತ್ತುತ್ತದೆ. ಕೈಯಲ್ಲಿರುವ ದೂರವಾಣಿಯನ್ನು ಮುಟ್ಟಿದರೆ ಹಣ ಒಬ್ಬರಿಂದೊಬ್ಬರಿಗೆ ಹೋಗುತ್ತದೆ. ನಡುವೆ ನಡೆದದ್ದೇನೆಂಬುದನ್ನು ಬಲ್ಲವರು ವಿರಳ. ಯಂತ್ರಗಳು ಸೂಕ್ಷ್ಮವಾದಷ್ಟೂ ಅಲಕ್ಷ್ಯವಾಗಿವೆ. ಭೋಜನ ಆದರ್ಶವು ಇಂದು ಅವನ ಕಲ್ಪನೆಯನ್ನೂ ಮೀರಿ ಸಿದ್ಧಿಸಿದೆ. ಇಂತಹ ಕಾಲದಲ್ಲಿ, ‘ಇದು ಅದನ್ನು ತಾಗಿತು, ಆದ್ದರಿಂದ ಅದು ಬಿತ್ತು’ ಎಂದು ಮಗುವೂ ಬೆರಳಿಟ್ಟು ತೋರಿಸಬಹುದಾದ ಯಂತ್ರವು ಮನಸ್ಸಿಗೆ ನೆಮ್ಮದಿಯನ್ನು ಕೊಡುವುದು ಸಹಜ.

ಎರಡನೆಯದು, ಹಾಸ್ಯ. ನ್ಯಾಯಶಾಸ್ತ್ರದಲ್ಲಿ ಲಾಘವವು ಗುಣ, ಗೌರವವು ದೋಷ. ಅಲ್ಪದಿಂದ ಸಾಧ್ಯವಾಗುವುದಕ್ಕೆ ಅಧಿಕವನ್ನು ಕಲ್ಪಿಸಬಾರದು. ವೈಯಾಕರಣರು ಅರ್ಧಮಾತ್ರೆಯನ್ನು ಉಳಿಸಿದರೆ ಮಗ ಹುಟ್ಟಿದಷ್ಟು ಸಂತೋಷಪಡುವರೆಂಬ ಮಾತು ಪ್ರಸಿದ್ಧವಾಗಿದೆ. ಮಡಕೆಯ ಉತ್ಪತ್ತಿಗೆ ಮಣ್ಣು, ಚಕ್ರ, ಕುಂಬಾರ, ಇವು ಕಾರಣಗಳು. ಮಣ್ಣನ್ನು ಹೊತ್ತು ತಂದ ಕತ್ತೆ ಕಾರಣವಲ್ಲ. ಅದು ‘ಅನ್ಯಥಾಸಿದ್ಧ’, ಎಂದರೆ ಅದಿಲ್ಲದೆಯೂ ಕಾರ್ಯವು ಆಗಬಲ್ಲದು ಎಂದು ನೈಯಾಯಿಕರು ನಿರ್ಣಯಿಸುತ್ತಾರೆ. ಬಳಸುಯಂತ್ರವು ಮಾಡುವುದೇನೆಂದರೆ, ಈ ಕತ್ತೆಯನ್ನು ಹಿಡಿದು ತಂದು ಕಾರಣಗಳ ನಡುವೆ ನಿಲ್ಲಿಸುವುದು! ಗಿಳಿಯಿಲ್ಲದೆ ಬಾಯಿ ಒರೆಸಿಕೊಳ್ಳಬಹುದು. ಆದರೆ ಆ ಯಂತ್ರದೊಳಗೆ ಗಿಳಿಯಿಲ್ಲದೆ ಬಾಯಿ ಒರೆಸುವುದು ಅಸಾಧ್ಯ. ಅನಾವಶ್ಯಕವಾದುದು ಹೀಗೆ ಅನಿವಾರ್ಯವಾಗುವುದನ್ನು ಕಂಡಾಗ ತರ್ಕಬುದ್ಧಿಯು ಸೋತು ನಗುತ್ತದೆ. ಫ್ರೆಂಚ್ ತತ್ತ್ವಜ್ಞಾನಿ ಬರ್ಗ್‌ಸನ್ ೧೯೦೦ರಲ್ಲಿ ಪ್ರಕಟಿಸಿದ ಹಾಸ್ಯಮೀಮಾಂಸೆಯಲ್ಲಿ ಉರುಳುತ್ತ ಬೆಳೆಯುವ ಹಿಮದುಂಡೆಯನ್ನೂ ಸಾಲಾಗಿ ಬೀಳುವ ಸೀಸದ ಸೈನಿಕರನ್ನೂ ಉದಾಹರಿಸಿ, ಅಲ್ಪಕಾರಣವು ಯಾಂತ್ರಿಕವಾಗಿ ಬೆಳೆಯುತ್ತ ಹೋಗುವುದರಲ್ಲಿ ನಗೆಯ ಒಂದು ಮೂಲವನ್ನು ಗುರುತಿಸಿದ್ದಾನೆ.

ಮೂರನೆಯದು, ಕಥಾರಚನೆ. ನಾಟ್ಯಶಾಸ್ತ್ರವು ಕಾರ್ಯಕ್ಕೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂದು ಐದು ಅವಸ್ಥೆಗಳನ್ನು ಹೇಳುತ್ತದೆ. ಗೋಲಿ ಉರುಳಿತು, ಆರಂಭ. ಇಟ್ಟಿಗೆಗಳು ಬೀಳತೊಡಗಿದವು, ಯತ್ನ. ಚೊಂಬು ವಾಲಿತು, ಇನ್ನೇನು ಬೀಳುವುದೋ ಇಲ್ಲವೋ, ಪ್ರಾಪ್ತ್ಯಾಶೆ. ತಕ್ಕಡಿ ಏರಿತು, ನಿಯತಾಪ್ತಿ. ಗಂಟೆ ಬಾರಿಸಿತು, ಫಲಾಗಮ. ಯಂತ್ರಶಾಸ್ತ್ರಕ್ಕೂ ನಾಟ್ಯಶಾಸ್ತ್ರಕ್ಕೂ ‘ಬೀಜ’ವೆಂಬ ಪದವು ಸಮಾನವಾಗಿರುವುದು ಆಕಸ್ಮಿಕವಾಗಿರಬಹುದು, ಆದರೂ ಉಚಿತವಾಗಿದೆ. ನಮ್ಮ ಜಿಲ್ಲೆಯ ಯಕ್ಷಗಾನವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಪಾತ್ರಧಾರಿಯು ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ನಡೆದು ಬರಬಹುದು. ನಾಲ್ಕು ಹೆಜ್ಜೆಯ ಕೆಲಸ. ಆದರೆ ಒಡ್ಡೋಲಗದಲ್ಲಿ ತೆರೆಯ ಹಿಂದೆ ಕುಣಿತ, ಒಮ್ಮೆ ಕಿರೀಟ ಕಂಡು ಮರೆಯಾಗುವುದು, ಒಮ್ಮೆ ಮುಖದ ಅರ್ಧ ತೋರುವುದು, ಚೆಂಡೆಯ ಏರಿಕೆ, ಇಷ್ಟೆಲ್ಲ ನಡೆದ ಮೇಲೆಯೇ ಪ್ರವೇಶ. ಈ ವಿಳಂಬವನ್ನು ತೆಗೆದುಹಾಕಿದರೆ ಸಮಯ ಉಳಿಯುತ್ತದೆ, ಆಟ ಉಳಿಯುವುದಿಲ್ಲ. ನಮ್ಮ ದೇಶದ ಅನೇಕ ಭಾಷೆಗಳಲ್ಲಿರುವ ಸರಪಳಿ ಕಥೆಗಳೂ ಇದೇ ಬಗೆಯವು: ಇರುವೆ ಆನೆಯನ್ನು ಕಚ್ಚಲು ಒಪ್ಪಿದೊಡನೆ ಆನೆ ಹೊಳೆಯನ್ನು, ಹೊಳೆ ಬೆಂಕಿಯನ್ನು, ಬೆಂಕಿ ಕೋಲನ್ನು ಹೆದರಿಸಿ, ಕೊನೆಗೆ ಹಕ್ಕಿಯ ಒಂದು ಕಾಳು ಅದಕ್ಕೆ ದೊರೆಯುತ್ತದೆ.

ನಾಲ್ಕನೆಯದು, ಕೂಡಿಟ್ಟ ಶ್ರಮದ ಒಮ್ಮೆಲೇ ಬಿಡುಗಡೆ. ಭೌತಶಾಸ್ತ್ರದ ದೃಷ್ಟಿಯಿಂದ ಬಳಸುಯಂತ್ರವು ಒಂದು ಉಗ್ರಾಣ. ಮೇಲೆತ್ತಿಟ್ಟ ಗುಂಡು, ನಿಲ್ಲಿಸಿದ ಇಟ್ಟಿಗೆ, ಬಿಗಿದ ದಾರ, ಇವೊಂದೊಂದರಲ್ಲಿಯೂ ಕಟ್ಟಿದವನ ಶ್ರಮವು ಶಕ್ತಿಯಾಗಿ ಅಡಗಿದೆ. ಮೊದಲ ತಾಗುವಿಕೆಯು ಕೊನೆಯ ಗಂಟೆಗೆ ಬಲವನ್ನು ಕೊಡುವುದಿಲ್ಲ. ಅದು ಎರಡನೆಯದಕ್ಕೆ ಅಪ್ಪಣೆಯನ್ನು ಮಾತ್ರ ಕೊಡುತ್ತದೆ. ಪ್ರತಿಯೊಂದು ಹಂತವೂ ತನ್ನಲ್ಲಿ ಮೊದಲೇ ಇದ್ದ ಬಲದಿಂದ ಮುಂದಿನದನ್ನು ಎಬ್ಬಿಸುತ್ತದೆ. ಪುತ್ತೂರು ಮಹಾಲಿಂಗೇಶ್ವರ ದೇವಾಲಯದ ಜಾತ್ರೆಯ ಬೆಡಿಯನ್ನು ನೋಡಿದವರು ಇದನ್ನು ಕಣ್ಣಾರೆ ಕಂಡಿದ್ದಾರೆ. ತಯಾರಿಗೆ ದಿನಗಳು ಬೇಕು; ಬತ್ತಿಗೆ ಒಂದು ಕಿಡಿ ಸಾಕು. ಈ ಅನುಪಾತದಲ್ಲಿಯೇ ರೋಮಾಂಚವಿದೆ. ಒಂದು ಹಂತ ತಪ್ಪಿದರೆ ಎಲ್ಲವೂ ನಿಂತುಹೋಗುವ ಸಂಭವವಿರುವುದರಿಂದ ಗೆದ್ದಾಗ ಸಂತೋಷವೂ ಹೆಚ್ಚು. ಸೋತರೆ ಹೋಗುವುದು ಬಾರಿಸದ ಗಂಟೆಯೊಂದೇ ಆದುದರಿಂದ ದುಃಖವೂ ಕಡಿಮೆ.

೬. ತೋರಿಕೆಯ ಬಳಸು, ನಿಜವಾದ ಬಳಸು

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಬಳಸಿನಂತೆ ತೋರುವುದೆಲ್ಲ ಬಳಸಲ್ಲ. ಕೊಂಕಣ ರೈಲ್ವೆಯು ಸರಕು ತುಂಬಿದ ಲಾರಿಗಳನ್ನೇ ರೈಲುಗಾಡಿಯ ಮೇಲೆ ಏರಿಸಿ ಸಾಗಿಸುವ ವ್ಯವಸ್ಥೆಯನ್ನು ೧೯೯೯ರಲ್ಲಿ ಆರಂಭಿಸಿ, ಮುಂದೆ ಅದನ್ನು ಸುರತ್ಕಲ್ಲಿನವರೆಗೂ ವಿಸ್ತರಿಸಿತು. ತಾನೇ ಓಡಬಲ್ಲ ವಾಹನವನ್ನು ಇನ್ನೊಂದು ವಾಹನದ ಮೇಲೆ ಹೊರಿಸುವುದು ಮೊದಲ ನೋಟಕ್ಕೆ ಗೋಲ್ಡ್‌ಬರ್ಗನ ಚಿತ್ರದಂತೆಯೇ ಇದೆ; ಗಾದೆಯ ಕೊಂಕಣವೂ ಅಲ್ಲಿದೆ. ಆದರೆ ಘಟ್ಟದಂಚಿನ ತಿರುವುಗಳು, ಇಂಧನದ ವೆಚ್ಚ, ಚಾಲಕನ ಆಯಾಸ, ರಸ್ತೆಯ ಸವೆತ, ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದೇ ಲಾಘವದ ದಾರಿ. ಇದಕ್ಕೆ ಪ್ರತಿಯಾಗಿ ಕುದುರೆಮುಖದ ಅದಿರು. ೨೦೦೫ರ ಕೊನೆಯಲ್ಲಿ ಗಣಿಗಾರಿಕೆ ನಿಲ್ಲುವವರೆಗೆ ಅದು ನೀರಿನೊಡನೆ ಕೆಸರಾಗಿ ಕಲೆತು ಸುಮಾರು ೬೭ ಕಿಲೋಮೀಟರ್ ಕೊಳವೆಯಲ್ಲಿ ಸುರತ್ಕಲ್ಲಿನ ನೆರೆಯ ಪಣಂಬೂರಿಗೆ ಇಳಿದು ಬರುತ್ತಿತ್ತು. ನೋಟಕ್ಕೆ ಬಹು ಸರಳ. ಆದರೆ ಕಾಡು, ಹೊಳೆ, ಜನ, ಇವುಗಳ ಮೇಲಾದ ಪರಿಣಾಮಗಳನ್ನು ಸೇರಿಸಿ ನೋಡಿದಾಗ ಆ ಸರಳತೆಯ ಹಿಂದೆ ಎಷ್ಟೋ ತೊಡಕುಗಳಿದ್ದವು. ಯಾವುದು ಅನಾವಶ್ಯಕವೆಂದು ನಿರ್ಣಯಿಸುವ ಮೊದಲು ಲೆಕ್ಕದ ಪರಿಧಿಯನ್ನು ಎಲ್ಲಿ ಎಳೆದಿದ್ದೇವೆಂಬುದನ್ನು ನೋಡಬೇಕು.

ನಿಜವಾದ ಬಳಸು ಯಾತನೆಯಾಗುವುದು ಕಚೇರಿಗಳಲ್ಲಿ. ನಮ್ಮ ಜಿಲ್ಲೆಯು ೧೯೫೬ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ತಪಾಲು, ಟಿಪ್ಪಣಿ, ಕರಡು, ಶುದ್ಧಪ್ರತಿ, ರವಾನೆ ಎಂಬ ಕ್ರಮವು ಹಳಬರಿಗೆಲ್ಲ ಪರಿಚಿತ. ಇದರಲ್ಲಿ ಪ್ರತಿಯೊಂದು ಹಂತಕ್ಕೂ ಮೂಲದಲ್ಲಿ ಒಂದು ಕಾರಣವಿತ್ತು. ಅರ್ಜಿ ಕಳೆದುಹೋಗಬಾರದು, ಒಬ್ಬನ ಇಷ್ಟಾನಿಷ್ಟದಿಂದ ತೀರ್ಮಾನವಾಗಬಾರದು ಎಂಬುದೇ ಆ ಕಾರಣ. ಕಾರಣವು ಸತ್ತ ಮೇಲೂ ಹಂತವು ಉಳಿದರೆ ಅದು ಬಳಸುಯಂತ್ರವಾಗುತ್ತದೆ. ಅಲ್ಲಿ ಉರುಳುವ ಗೋಲಿ ಗೋಲಿಯಲ್ಲ. ವಿಧವಾವೇತನಕ್ಕಾಗಿ ಬಂದ ಮುದುಕಿ. ಹೊರಗೆ ನಿಂತು ನೋಡುವವನಿಗೆ ನಗೆ, ಒಳಗೆ ಸಿಕ್ಕಿಕೊಂಡವನಿಗೆ ಅಳು. ಗೋಲ್ಡ್‌ಬರ್ಗನ ಹೆಸರು ಇಂಗ್ಲಿಷಿನಲ್ಲಿ ತೊಡಕಾದ ಕಾನೂನುಗಳಿಗೂ ತೆರಿಗೆ ಪದ್ಧತಿಗಳಿಗೂ ಅನ್ವಯವಾಗುತ್ತಿರುವುದು ಇದರಿಂದಲೇ.

೭. ಇತಿಹಾಸದ ವಿದ್ಯಾರ್ಥಿಗೆ

ಕೊನೆಯದಾಗಿ, ಇತಿಹಾಸದ ಅಧ್ಯಾಪಕರಾದ ನಮಗೆ ಈ ಯಂತ್ರದೊಡನೆ ಒಂದು ವಿಶೇಷವಾದ ವ್ಯವಹಾರವಿದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಇತಿಹಾಸವು ಸಾಮಾನ್ಯವಾಗಿ ಬಳಸುಯಂತ್ರದ ರೂಪದಲ್ಲಿಯೇ ಬರುತ್ತದೆ. ಮಂಗಳೂರಿನ ಹೆಂಚಿನ ಉದ್ಯಮದ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ೧೮೩೪ರಲ್ಲಿ ಬಾಸೆಲ್ ಮಿಶನ್ನಿನವರು ಬಂದರು, ಆದ್ದರಿಂದ ಮತಾಂತರವಾಯಿತು, ಆದ್ದರಿಂದ ಮತಾಂತರಗೊಂಡವರು ಕಸುಬನ್ನು ಕಳೆದುಕೊಂಡರು, ಆದ್ದರಿಂದ ಮಿಶನ್ನು ಉದ್ಯಮಗಳನ್ನು ತೆರೆಯಿತು, ಆದ್ದರಿಂದ ೧೮೬೫ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಹೂಡಿದನು. ಐದು ಇಟ್ಟಿಗೆಗಳು ಅಂದವಾಗಿ ಬಿದ್ದುವು, ಗಂಟೆ ಬಾರಿಸಿತು. ಪ್ರತಿಯೊಂದು ವಾಕ್ಯದಲ್ಲಿಯೂ ಸತ್ಯಾಂಶವುಂಟು. ಆದರೆ ನೇತ್ರಾವತಿ ಗುರುಪುರ ನದಿಗಳ ದಡದ ಜೇಡಿಮಣ್ಣು ಎಲ್ಲಿ ಹೋಯಿತು? ಗೂಡಿಗೆ ಬೇಕಾದ ಸೌದೆ, ಸರಕನ್ನು ಹೊರುವ ಬಂದರು, ವರ್ಷದ ನಾಲ್ಕು ತಿಂಗಳು ಹುಲ್ಲುಮಾಡನ್ನು ಕೊಳೆಸುವ ಮಳೆ? ಇವು ಸರಪಳಿಯ ಕೊಂಡಿಗಳಲ್ಲ. ಮೊದಲೇ ಮೇಲೆತ್ತಿಟ್ಟ ಗುಂಡುಗಳು. ಜರ್ಮನಿಯಿಂದ ಬಂದ ಪ್ಲೆಬ್ಸ್ಟ್ ಒಂದು ತಾಗುವಿಕೆ, ಬಲವು ನೆಲದಲ್ಲಿತ್ತು.

ಟಿಪ್ಪುವಿನ ಹುಲಿಯ ವಿಷಯದಲ್ಲಿಯೂ ಹೀಗೆಯೇ. ೧೭೯೨ರಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಜನರಲ್ ಮನ್ರೋವಿನ ಮಗನನ್ನು ಹುಲಿ ಕೊಂದಿತು, ಆ ಸುದ್ದಿಯಿಂದ ಯಂತ್ರವು ಹುಟ್ಟಿತು ಎಂದು ಹೇಳುವ ವಾಡಿಕೆಯಿದೆ. ಕಥೆ ಚೆನ್ನಾಗಿದೆ. ಆದರೆ ಹುಲಿಯು ಅದಕ್ಕೆ ಮೊದಲೇ ಸುಲ್ತಾನನ ಲಾಂಛನವಾಗಿತ್ತು. ಅದೇ ೧೭೯೨ರ ಸಂಧಿಯಲ್ಲಿ ಅವನು ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಕೊಡಬೇಕಾಗಿ ಬಂದಿತ್ತು. ಅಂತಹವನಿಗೆ ಹುಲಿಯ ಬಾಯಲ್ಲಿ ಶತ್ರುವನ್ನು ಕಾಣಲು ದೂರದ ದ್ವೀಪದ ಸುದ್ದಿಯೊಂದೇ ಕಾರಣವಾಗಬೇಕಾಗಿರಲಿಲ್ಲ.

ಆದುದರಿಂದ ಬಳಸುಯಂತ್ರವು ಇತಿಹಾಸಕ್ಕೆ ಕೆಟ್ಟ ಮಾದರಿ, ಒಳ್ಳೆಯ ಪಾಠ. ಒಂದು ಕಾರಣಕ್ಕೆ ಒಂದೇ ಕಾರ್ಯ, ಎಲ್ಲವೂ ಕಣ್ಣಿಗೆ ಕಾಣುವಂತೆ, ಕೊನೆಯಲ್ಲೊಂದು ಗಂಟೆ ಎಂಬ ವ್ಯವಸ್ಥೆಯನ್ನು ಯಾರೋ ಒಬ್ಬರು ಕುಳಿತು ಕಟ್ಟಿದ್ದರೆ ಮಾತ್ರ ಅದು ಸಾಧ್ಯ. ಗತಕಾಲವನ್ನು ಹಾಗೆ ಯಾರೂ ಕಟ್ಟಿಲ್ಲ. ಅದನ್ನು ಹಾಗೆ ಹೇಳಿದಾಗ ಕೇಳುವವರಿಗೆ ಹಿತವಾಗುವುದು ನಿಜ. ಆ ಹಿತವು ಇಟ್ಟಿಗೆಗಳು ಸಾಲಾಗಿ ಬೀಳುವುದನ್ನು ನೋಡುವಾಗಿನ ಹಿತವೇ. ಯಾವ ಕಥನವು ಅತ್ಯಂತ ನಯವಾಗಿ ಉರುಳುತ್ತದೆಯೋ, ಅದನ್ನು ನಿಲ್ಲಿಸಿ, ಯಾವ ಗುಂಡನ್ನು ಯಾರು ಎಂದು ಮೇಲೆತ್ತಿಟ್ಟಿದ್ದರೆಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕಾಗಿದೆ.

ಅಷ್ಟರಿಂದ ಯಂತ್ರವನ್ನು ದೂರಬೇಕಾಗಿಲ್ಲ. ಮಿತವ್ಯಯವನ್ನು ಕಲಿಯುವ ತರುಣರು ವರ್ಷಕ್ಕೊಮ್ಮೆ ಅಪವ್ಯಯದ ಆಟವನ್ನು ಆಡಿದರೆ ಅವರ ವಿದ್ಯೆಗೆ ಹಾನಿಯಿಲ್ಲ. ಯಾವ ಭಾಗ ಏತಕ್ಕೆ ಬೇಕು, ಯಾವುದು ಏತಕ್ಕೂ ಬೇಡ ಎಂಬುದು ಅವರಿಗೆ ಆಟದಲ್ಲಿಯೇ ಮನದಟ್ಟಾಗುತ್ತದೆ. ಗಂಟೆ ಬಾರಿಸಿದ ಮೇಲೆ ಇಟ್ಟಿಗೆಗಳನ್ನು ಎತ್ತಿ ಜೋಡಿಸಿ, ಚೊಂಬಿಗೆ ನೀರು ತುಂಬಿ ಮತ್ತೆ ಆರಂಭಿಸಬಹುದು. ಕಚೇರಿಯ ಬಾಗಿಲಲ್ಲಿ ನಿಂತವರಿಗೂ ಗತಕಾಲದ ಜನರಿಗೂ ಈ ಅನುಕೂಲವಿಲ್ಲ. ಈ ಭೇದವನ್ನು ಮರೆಯದೆ ಇದ್ದರೆ, ಕೊಂಕಣವನ್ನು ಸುತ್ತಿ ಮೈಲಾರಕ್ಕೆ ಹೋಗುವುದರಲ್ಲಿ ತಪ್ಪೇನೂ ಇಲ್ಲ.